ಕಿಟ್ ಹಂಚಿ ಫೋಟೊ ತೆಗೆಯೋದು ಬಿಟ್ಟು ಬೇರೆ ದಾರಿ ಇದೆಯಾ?

ಮಲ್ಲಿಗೆಇಡ್ಲಿ: ನಮ್ಮ ಬಡಾವಣೆಯಲ್ಲಿ ಮೂರ್ನಾಲ್ಕು ಕಟ್ಟಡ ಏಳುತ್ತಿವೆ. ಕೆಲಸದವರು ಶೆಡ್‌ಗಳಲ್ಲೇ ಇದ್ದಾರೆ. ಜಾಸ್ತಿ ಜನ ರಾಯಚೂರು, ಯಾದಗಿರಿ ಕಡೆಯವರು, ಕೆಲವರು ಬಿಹಾರದವರು. ಮಳೆ ಹಿಡಿದರೆ ಕೆಲಸ ಇಲ್ಲ, ಕೂಲಿ ಇಲ್ಲ, ಊಟಕ್ಕೂ ಕಷ್ಟ. ಸಂಘದವರು ಅಕ್ಕಿ-ಬೇಳೆ ಕಿಟ್ ಹಂಚೋಣ ಅಂತಿದ್ದಾರೆ. ಆದರೆ ಬ್ಯಾನರ್ ಕಟ್ಟಿ, ಹೆಣ್ಣುಮಕ್ಕಳನ್ನು ಸಾಲಲ್ಲಿ ನಿಲ್ಲಿಸಿ ಫೋಟೊ ತೆಗೆಯೋದು ನನಗೆ ಸರಿ ಕಾಣುತ್ತಿಲ್ಲ. ಬೇರೆ ಥರ ಮಾಡಿದವರು ಇದ್ದೀರಾ?

ಕಡಲತಡಿ: ಕೇರಳದ ಕೋಳಿಕ್ಕೋಡ್‌ನ 'ಆಪರೇಷನ್ ಸುಲೈಮಾನಿ' ನೋಡಿ. 2015ರಲ್ಲಿ ಜಿಲ್ಲಾಡಳಿತ ಮತ್ತು ಹೋಟೆಲ್ ಮಾಲೀಕರ ಸಂಘ ಸೇರಿ ಶುರು ಮಾಡಿದ್ದು. ಹಸಿದವರು ಕೂಪನ್ ತಗೊಂಡು, ಅದರಲ್ಲಿ ಸೇರಿರುವ ಹೋಟೆಲಿಗೆ ಹೋಗಿ ಎಲ್ಲರ ಜೊತೆ ಕೂತು ಉಣ್ಣಬಹುದಿತ್ತು, ನೀನ್ಯಾರು, ಯಾಕೆ ಬಂದೆ ಅಂತ ಕೇಳೋರಿರಲಿಲ್ಲ. ನಿಮ್ಮ ಹತ್ತಿರದ ಮೆಸ್‌ನವರ ಜೊತೆ ಮಾತಾಡಿ, ಟೋಕನ್ ಮಾಡಿ.

ರಾಗಿಮುದ್ದೆ: ಟೋಕನ್ ಒಳ್ಳೇದೇ, ಆದರೆ ಮೊದಲು ಅವರ ರೇಷನ್ ಕಾರ್ಡ್ ವಿಚಾರಿಸಿ. 'ಒಂದು ದೇಶ ಒಂದು ಪಡಿತರ ಚೀಟಿ' ಇರೋದರಿಂದ, ಆಧಾರ್ ಜೋಡಿಸಿದ್ದರೆ ಬಿಹಾರದ ಕಾರ್ಡಿಗೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಧಾನ್ಯ ತಗೋಬಹುದು. ಆದ್ಯತಾ ಕುಟುಂಬಕ್ಕೆ, ಅಂದರೆ ಸಾಮಾನ್ಯ ಬಿಪಿಎಲ್ ಕಾರ್ಡಿನವರಿಗೆ, ತಲೆಗೆ ತಿಂಗಳಿಗೆ 5 ಕೆಜಿ, 2023ರ ಜನವರಿಯಿಂದ ಅದು ಉಚಿತ. ಇಲ್ಲಿ ಸ್ವಲ್ಪ ತಗೊಂಡರೆ ಉಳಿದದ್ದನ್ನು ಊರಲ್ಲಿರುವ ಮನೆಯವರು ತಗೋಬಹುದು. ಅಂಗಡಿಯವರು 'ಇದು ಇಲ್ಲಿನ ಕಾರ್ಡಲ್ಲ' ಅಂತ ವಾಪಸ್ ಕಳಿಸೋದುಂಟು, ಸಂಘದವರು ಒಬ್ಬರು ಜೊತೆಗೆ ಹೋಗಿ ನಿಂತರೆ ಸಾಕು. ಇದು ಅವರ ಹಕ್ಕು, ಯಾರಿಗೂ ಕೈ ಮುಗಿಯಬೇಕಿಲ್ಲ.

ಸಂಜೆಬಸ್ಸು: ಇಂದಿರಾ ಕ್ಯಾಂಟೀನ್ ಹತ್ತಿರ ಇದೆಯಾ? 2017ರಲ್ಲಿ ಬೆಂಗಳೂರಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆಟೊದವರು, ಕಾಲೇಜು ಹುಡುಗರು, ಎಲ್ಲರೂ ಒಂದೇ ಸಾಲು. ದುಡ್ಡು ಕೊಟ್ಟು ತಿನ್ನೋವಾಗ ಯಾರೂ ತಲೆ ತಗ್ಗಿಸಲ್ಲ ಅಲ್ವಾ.

ಜೋಳದರೊಟ್ಟಿ: ರಾಯಚೂರಿನವರಿಗೆ ಏನು ಬೇಕು ಅಂತ ಒಬ್ಬರಾದರೂ ಕೇಳಿದಿರಾ? ನಾವು ಜೋಳ ತಿನ್ನೋರು, ಸುಮ್ನೆ ಅಕ್ಕಿ ಮೂಟೆ ತಂದು ಇಟ್ಟರೆ ಹೇಗೆ? ಅವರಲ್ಲೇ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಪಟ್ಟಿ ಮಾಡಿ. ಮತ್ತೆ ಮಳೆ ನೆಪದಲ್ಲಿ ಮೇಸ್ತ್ರಿ ಹಳೇ ಕೂಲಿ ಬಾಕಿ ಇಟ್ಟಿದ್ದಾನಾ, ಅದನ್ನೂ ಕೇಳಿ.

ಮಲ್ಲಿಗೆಇಡ್ಲಿ: ಕೇಳಿಲ್ಲ, ಭಾನುವಾರ ಹೋಗ್ತೀನಿ. ಫೋಟೊ ಇಲ್ಲದಿದ್ದರೆ ದುಡ್ಡು ಕೊಟ್ಟವರು ನಂಬಲ್ಲ ಅಂತಾರಲ್ಲ, ಅದಕ್ಕೇನು ಮಾಡೋದು?

ರಾಗಿಮುದ್ದೆ: ಅಂಗಡಿ ಬಿಲ್ಲಿನ ಫೋಟೊ ಹಾಕಿ. ಮುಖ ಯಾಕೆ ಬೇಕು?