ಅಮ್ಮನಿಗೆ ತನ್ನ ಮರೆವು ಗೊತ್ತೇ ಆಗುವುದಿಲ್ಲ. ಹೇಳಿ ಒಪ್ಪಿಸಬೇಕಾ?

ಪ್ರಶ್ನೆ (ತುಮಕೂರು):
ಅಮ್ಮನಿಗೆ 74 ವರ್ಷ. ಅಲ್ಝೈಮರ್ ಎಂದು ಡಾಕ್ಟರ್ ಹೇಳಿದ್ದಾರೆ. ಬಿಪಿ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಮತ್ತೆ ಡಬ್ಬಿ ತೆಗೆಯುತ್ತಾಳೆ. "ಆಗಲೇ ತಗೊಂಡೆಯಲ್ಲಮ್ಮ" ಎಂದರೆ "ನನಗೇನು ಅರಳುಮರಳಾ?" ಎಂದು ರೇಗುತ್ತಾಳೆ. ಬಳೆಗಳನ್ನು ಅಕ್ಕಿ ಡಬ್ಬದಲ್ಲಿಟ್ಟು, ಮನೆಕೆಲಸದ ಲಕ್ಷ್ಮಿಯೇ ಕದ್ದಳು ಎನ್ನುತ್ತಾಳೆ. ವಿಡಿಯೋ ಮಾಡಿ ತೋರಿಸಿದರೆ ಒಪ್ಪುತ್ತಾಳೆ ಅಂತ ಅಣ್ಣನ ವಾದ. ಇದು ಹಠವಾ, ನಾಚಿಕೆಯಾ?

ಉತ್ತರ 1 (ಮೈಸೂರು):
ವಿಡಿಯೋ ಖಂಡಿತ ಬೇಡ. ನಮ್ಮ ಮಾವನವರನ್ನು ಕೊನೆಯವರೆಗೂ ನೋಡಿಕೊಂಡವಳು ನಾನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಇದು ಹಠವಲ್ಲ. ಮರೆತಿದ್ದೇನೆ ಎಂದು ತಿಳಿಯಲೂ ಮೆದುಳೇ ಕೆಲಸ ಮಾಡಬೇಕಲ್ವಾ? ಆ ಶಕ್ತಿಗೇ ಪೆಟ್ಟು ಬಿದ್ದಿರುತ್ತದೆ. ಡಾಕ್ಟರುಗಳು ಇದನ್ನು ಅನೊಸೊಗ್ನೋಸಿಯಾ ಎನ್ನುತ್ತಾರೆ. 1914ರಲ್ಲಿ ಬಾಬಿನ್ಸ್ಕಿ ಎಂಬ ಫ್ರೆಂಚ್ ನರವೈದ್ಯರು ಇಟ್ಟ ಹೆಸರು. ಲಕ್ವ ಹೊಡೆದು ಎಡಗೈ ಬಿದ್ದುಹೋಗಿದ್ದರೂ ಅದರ ಅರಿವೇ ಇಲ್ಲದ ರೋಗಿಗಳನ್ನು ಅವರು ನೋಡಿದ್ದರು.

ತೋರಿಸಿದ್ದು ಮರೆತುಹೋಗುತ್ತದೆ, ಆದ ಅವಮಾನ ಉಳಿಯುತ್ತದೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಅಲ್ಝೈಮರ್ ಇರುವವರಿಗೆ ದುಃಖದ ಸಿನಿಮಾ ತುಣುಕು ತೋರಿಸಿದರು. ಏನು ನೋಡಿದೆವು ಎಂಬುದು ಬೇಗ ಮರೆತರೂ ಬೇಸರ ಮಾತ್ರ ಹೋಗಿರಲಿಲ್ಲ.

ಬಳೆ ಕಾಣದಿದ್ದಾಗ "ಬಾಮ್ಮಾ, ಇಬ್ಬರೂ ಹುಡುಕೋಣ" ಎನ್ನಿ. ಸಿಕ್ಕಿದಾಗ ಎಲ್ಲಿತ್ತು, ಯಾರಿಟ್ಟರು ಎಂದು ಕೆದಕಬೇಡಿ. ಮಾತ್ರೆಗಳನ್ನು ಬೀಗ ಹಾಕಿಟ್ಟು, ಆ ಹೊತ್ತಿನದನ್ನು ಮಾತ್ರ ನೀರಿನ ಜೊತೆ ಕೈಗೆ ಕೊಡಿ. ಲಕ್ಷ್ಮಿಗೆ ಕಾಯಿಲೆಯ ವಿಷಯ ಪೂರ್ತಿ ತಿಳಿಸಿ. ಪಾಪ, ದಿನವೂ ಕಳ್ಳಿ ಅನ್ನಿಸಿಕೊಳ್ಳುತ್ತಿರುವುದು ಅವಳು.

ಉತ್ತರ 2 (ಶಿವಮೊಗ್ಗ):
ಎಲ್ಲರಿಗೂ ಹೀಗೇ ಆಗುವುದಿಲ್ಲ. ನಮ್ಮ ದೊಡ್ಡಮ್ಮನಿಗೆ ಮೊದಮೊದಲು ಚೆನ್ನಾಗಿ ಗೊತ್ತಾಗುತ್ತಿತ್ತು. "ತಲೆಯಲ್ಲಿ ಏನೋ ಆಗ್ತಿದೆ ಕಣೇ, ಹೆದರಿಕೆ ಆಗುತ್ತೆ" ಎನ್ನುತ್ತಿದ್ದರು. ಈ ಕಾಯಿಲೆಗೆ ಯಾರ ಹೆಸರಿದೆಯೋ ಆ ಡಾ. ಅಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನೋಡಿದ ಆಗಸ್ಟೆ ಡೇಟರ್ ಎಂಬ ರೋಗಿ ಕೂಡ "ನನ್ನನ್ನೇ ಕಳೆದುಕೊಂಡಿದ್ದೇನೆ" ಎಂದಿದ್ದರು. ಅರಿವು ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ನಿಮ್ಮ ಅಮ್ಮನೇ ಯಾವತ್ತಾದರೂ "ನನಗೇನಾಗಿದೆ?" ಎಂದು ಕೇಳಿದರೆ, ವಯಸ್ಸಾಯ್ತು ಬಿಡು ಎಂದು ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಮರೆವಿನ ಕಾಯಿಲೆ, ನಾವಿದ್ದೀವಿ ಅಂತ ಹೇಳಿ. ಆಗ ಸುಳ್ಳು ಹೇಳಿದರೆ ಅವರು ಆ ಭಯವನ್ನು ಒಬ್ಬರೇ ಹೊರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ವಿಡಿಯೋ ಮಾತು ಬಿಟ್ಟ. ಲಕ್ಷ್ಮಿ ಕೆಲಸ ಬಿಡುವ ಯೋಚನೆಯಲ್ಲಿದ್ದಾಳಂತೆ. ಇವತ್ತು ಸಂಜೆ ಅವಳ ಮನೆಗೇ ಹೋಗಿ ಮಾತಾಡುತ್ತೇನೆ.