ಎಡಗಾಲು ತುಳಿದಾಗಲೆಲ್ಲ ‘ಟಕ್’: ಸೈಕಲ್ಲಿನ ಈ ಸದ್ದು ಎಲ್ಲಿಂದ ಬರುತ್ತಿದೆ?

ಪ್ರಶ್ನೆ: ಸಾಧನಕೇರಿಯ ಶಿಕ್ಷಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಾಲೆಗೆ ಹೋಗಿಬರುವುದು ಸೈಕಲ್ಲಿನಲ್ಲಿಯೇ, ದಿನಕ್ಕೆ ಒಟ್ಟು 9 ಕಿಲೋಮೀಟರ್. 1998ರಲ್ಲಿ ಮೊದಲ ಸಂಬಳ ಕೈಗೆ ಬಂದ ವಾರವೇ ಕೊಂಡ 26 ಇಂಚಿನ ಲೇಡೀಸ್ ಸೈಕಲ್ ಅದು. ಗೇರ್ ಇಲ್ಲ. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಪರೀಕ್ಷೆಯ ದಿನಗಳಲ್ಲಿ ಆ ಕ್ಯಾರಿಯರಿನ ಮೇಲೆ ಉತ್ತರಪತ್ರಿಕೆಗಳ ಎರಡು ಕಟ್ಟು ಇರುತ್ತವೆ.

ನಾಲ್ಕು ವಾರಗಳಿಂದ ಅದರಲ್ಲಿ ಒಂದು ಸದ್ದು ಶುರುವಾಗಿದೆ. ಅಡಕತ್ತರಿಯಲ್ಲಿ ಒಣ ಅಡಕೆ ಸೀಳಿದ ಹಾಗೆ, ಚುಟುಕಾಗಿ, ಗಟ್ಟಿಯಾಗಿ ‘ಟಕ್’ ಎನ್ನುತ್ತದೆ. ಸಮತಟ್ಟು ರಸ್ತೆಯಲ್ಲಿ ಇಲ್ಲ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದರೆ ಇಲ್ಲ. ವಿಶ್ವವಿದ್ಯಾಲಯದ ಕಡೆಗಿನ ಏರು ಹತ್ತುವಾಗ, ಎಡಗಾಲಿನಿಂದ ಭಾರ ಹಾಕಿ ತುಳಿದಾಗ ಮಾತ್ರ ಬರುತ್ತದೆ. ಜೋರು ಮಳೆಯಲ್ಲಿ ನೆನೆದು ಬಂದ ಮರುದಿನ ಪೂರ್ತಿ ಸುಮ್ಮನಿತ್ತು. ಪೆಡಲಿನ ಸುತ್ತಮುತ್ತ ಎಣ್ಣೆ ಬಿಟ್ಟೆ. ಎರಡು ದಿನ ನಿಂತು ಮೂರನೆಯ ದಿನ ಮರಳಿ ಬಂತು.

ಮೂರು ಅಂಗಡಿಗಳಿಗೆ ತೋರಿಸಿದ್ದೇನೆ. ಒಂದರಲ್ಲಿ ಎಡ ಪೆಡಲ್ ಬದಲಾಯಿಸಿದರು. ಇನ್ನೊಂದರಲ್ಲಿ, ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ನಡುವಿನ ಆಕ್ಸಲ್ಲಿಗೆ ಬಿಗಿಯುವ ಎರಡೂ ಕಾಟರ್ ಪಿನ್ ಹೊಸದಾಗಿ ಹಾಕಿದರು. ಮೂರನೆಯವರು ಸೈಕಲ್ಲನ್ನು ಮುಟ್ಟಲೂ ಇಲ್ಲ. “ಹಳೆಯ ಗಾಡಿ, ಸದ್ದು ಇದ್ದೇ ಇರುತ್ತದೆ, ಹೊಸದು ತೆಗೆದುಕೊಳ್ಳಿ” ಎಂದರು. ಈ ಮಾತು ನನ್ನನ್ನು ಬಹಳ ನೋಯಿಸಿತು. ವಯಸ್ಸಾದದ್ದಕ್ಕೇ ಯಾವುದೂ ಸದ್ದು ಮಾಡುವುದಿಲ್ಲ. ಎಲ್ಲಿಯೋ ಎರಡು ಲೋಹದ ಮೈಗಳು ಒಂದಕ್ಕೊಂದು ಸರಿಯುತ್ತಿವೆ. ಎಲ್ಲಿ ಎಂದು ನನಗೆ ಗೊತ್ತಾಗಬೇಕು. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಪಂಕ್ಚರ್ ಅಂಗಡಿಯ ಹುಡುಗ, ರಾಣೆಬೆನ್ನೂರು

ನಮಸ್ಕಾರ ಟೀಚರ್. ಚಿಕ್ಕಂದಿನಿಂದ ಅಪ್ಪನ ಸೈಕಲ್ ಅಂಗಡಿಯಲ್ಲಿ ಬೆಳೆದವನು ನಾನು. ಪಿನ್ ಹೊಸದಾಗಿ ಹಾಕಿದ ಮಾತ್ರಕ್ಕೆ ಅದರ ಮೇಲಿನ ಅನುಮಾನವನ್ನು ಬಿಡಬೇಡಿ. ಅನೇಕರು ಪಿನ್ ತೂರಿಸಿ ನಟ್ಟನ್ನು ಬಿಗಿದು ಕಳುಹಿಸಿಬಿಡುತ್ತಾರೆ. ನಟ್ಟಿನ ಕೆಲಸ ಪಿನ್ನನ್ನು ಹಿಡಿದಿಡುವುದಷ್ಟೇ, ಒಳಗೆ ಎಳೆಯುವುದಲ್ಲ. ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಆಸರೆ ಕೊಟ್ಟು ಸುತ್ತಿಗೆಯಿಂದ ಪಿನ್ನಿನ ತಲೆಗೆ ಹೊಡೆದು ಕೂರಿಸಬೇಕು, ಆಮೇಲೆ ನಟ್ಟು. ಆಸರೆ ಕೊಡದೆ ಹೊಡೆದರೆ ಏಟೆಲ್ಲ ಒಳಗಿನ ಬೇರಿಂಗ್ ಗುಂಡುಗಳ ಮೇಲೆ ಬೀಳುತ್ತದೆ, ಅವು ಉರುಳುವ ಕಪ್ಪಿನಲ್ಲಿ ಕುಳಿ ಬೀಳುತ್ತದೆ. ಹೊಸ ಪಿನ್ ಕೆಲವು ದಿನ ತುಳಿದ ಮೇಲೆ ಇನ್ನೂ ಸ್ವಲ್ಪ ಒಳಗೆ ಕೂರುತ್ತದೆ, ಆಗ ಮತ್ತೊಮ್ಮೆ ಹೊಡೆದು ಬಿಗಿಯಬೇಕು.

ಪರೀಕ್ಷೆ ಸುಲಭ. ಎಡ ಕ್ರ್ಯಾಂಕನ್ನು ಒಂದು ಕೈಯಲ್ಲಿ, ಬಲ ಕ್ರ್ಯಾಂಕನ್ನು ಇನ್ನೊಂದು ಕೈಯಲ್ಲಿ ಹಿಡಿದು ಒಂದಕ್ಕೊಂದು ಎದುರಾಗಿ ಅಲುಗಿಸಿ. ಕೂದಲೆಳೆಯಷ್ಟು ಸಡಿಲ ಕಂಡರೂ ಪಿನ್ ಕೂತಿಲ್ಲ ಎಂದೇ ಅರ್ಥ. ಎರಡೂ ಕ್ರ್ಯಾಂಕ್ ಒಟ್ಟಾಗಿ ಅಕ್ಕಪಕ್ಕ ಅಲುಗಿದರೆ ನಡುವಿನ ಆಕ್ಸಲ್ ತಿರುಗುವ ಬಾಟಮ್ ಬ್ರ್ಯಾಕೆಟ್ಟಿನ ಕಪ್ ಸಡಿಲವಾಗಿದೆ. ಅಲ್ಲಿ ಪ್ರತಿ ಬದಿಗೆ ಕಾಲಿಂಚಿನ 11 ಗುಂಡುಗಳು ಇರಬೇಕು. ಬಿಚ್ಚಿದಾಗ ಎಣಿಸಿ. ಎಡ ಪೆಡಲ್ಲನ್ನೂ ಒಮ್ಮೆ ತೆಗೆದು ಮರೆಗೆ (ತಿರುಪಿನ ಸುತ್ತುಗೆರೆಗೆ) ಗ್ರೀಸ್ ಹಚ್ಚಿ ಹಾಕಿ. ಎಡಗಡೆಯದು ಉಲ್ಟಾ ಮರೆ, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು.

ಉತ್ತರ: ಬೆಟ್ಟದ ಸವಾರ, ಮೈಸೂರು

ಮೇಡಂ, ನನ್ನದು ಗೇರ್ ಇರುವ ಸೈಕಲ್, ನಿಮ್ಮದಕ್ಕಿಂತ ಬೇರೆ ಜಾತಿಯದು. ಆದರೆ ಸದ್ದಿನ ವಿಷಯದಲ್ಲಿ ಕಿವಿ ಎಲ್ಲರಿಗೂ ಒಂದೇ ರೀತಿ ಮೋಸ ಮಾಡುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಪಾದದ ಕೆಳಗೇ ಕಿರ್ ಕಿರ್ ಎನ್ನುತ್ತಿತ್ತು. ಪಾದದ ಕೆಳಗೇ ಎಂದು ಪ್ರಮಾಣ ಮಾಡಲು ಸಿದ್ಧನಿದ್ದೆ. ಬಾಟಮ್ ಬ್ರ್ಯಾಕೆಟ್ ಪೂರ್ತಿ ಬದಲಾಯಿಸಿದೆ, ಪೆಡಲ್ ಬದಲಾಯಿಸಿದೆ. ಕೊನೆಗೆ ಸಿಕ್ಕಿದ್ದು ಸೀಟಿನ ಕಂಬದಲ್ಲಿ! ಕಂಬ ಫ್ರೇಮಿನೊಳಗೆ ಇಳಿಯುವ ಜಾಗಕ್ಕೆ ಸಣ್ಣ ಮರಳು ಸೇರಿತ್ತು. ಹೊರಗೆಳೆದು ಒರೆಸಿ ಗ್ರೀಸ್ ಹಚ್ಚಿ ಇಳಿಸಿದೆ, ಮುಗಿಯಿತು. ಫ್ರೇಮಿನ ಪೈಪುಗಳು ಟೊಳ್ಳು. ಒಂದು ತುದಿಯ ಸದ್ದನ್ನು ಇನ್ನೊಂದು ತುದಿಗೆ ಸಾಗಿಸಿಬಿಡುತ್ತವೆ.

ಆದ್ದರಿಂದ ಇನ್ನು ಮುಂದೆ ಯಾವ ಭಾಗವನ್ನೂ ಬದಲಾಯಿಸಬೇಡಿ, ಪರೀಕ್ಷೆ ಮಾತ್ರ ಮಾಡಿ. ಅದೇ ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಸೀಟು, ಅದರ ಸ್ಪ್ರಿಂಗು, ಕಂಬ, ಇವುಗಳಲ್ಲಿ ಒಂದು. ಬಲಗಾಲಿನಿಂದ ಮಾತ್ರ ತುಳಿದು ನೋಡಿ. ಬುಟ್ಟಿ ಖಾಲಿ ಮಾಡಿ, ಬೀಗದ ಕೈ ಗೊಂಚಲನ್ನು ಮನೆಯಲ್ಲಿ ಬಿಟ್ಟು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮತ್ತು ಸದ್ದನ್ನು ಎಣಿಸಿ. ಪೆಡಲ್ ಒಂದು ಸುತ್ತಿಗೆ ಒಮ್ಮೆಯೋ, ಚಕ್ರದ ಸುತ್ತಿಗೆ ಒಮ್ಮೆಯೋ ತಿಳಿದರೆ ಅರ್ಧ ಸೈಕಲ್ಲನ್ನು ಅನುಮಾನದ ಪಟ್ಟಿಯಿಂದ ತೆಗೆಯಬಹುದು.

ಸಾಧನಕೇರಿಯ ಶಿಕ್ಷಕಿ

ಇಬ್ಬರಿಗೂ ಧನ್ಯವಾದ. ಎಣಿಸಿ ಎಂದದ್ದು ಬಹಳ ಹಿಡಿಸಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇದನ್ನೇ ಮಾಡಿದೆ.

ಮೊದಲು ಚೈನು ಕೂರುವ ಹಲ್ಲುಗಳನ್ನು ಎಣಿಸಿದೆ. ಚೈನ್‌ವೀಲಿನಲ್ಲಿ 44, ಹಿಂದೆ ಫ್ರೀವೀಲಿನಲ್ಲಿ 18. ಚೈನಿಗೆ 112 ಕೊಂಡಿಗಳು. ಹಾಗಾದರೆ ಚೈನು ಪೂರ್ತಿ ಒಂದು ಸುತ್ತು ಬರಲು ಪೆಡಲ್ 112 ಭಾಗಿಸು 44ರಷ್ಟು ತಿರುಗಬೇಕು. ಭಿನ್ನರಾಶಿಯನ್ನು ಸಂಕ್ಷೇಪಿಸಿದರೆ 28 ಭಾಗಿಸು 11. ಪೆಡಲ್ 28 ಸುತ್ತು ತಿರುಗುವಷ್ಟರಲ್ಲಿ ಚೈನು ಸರಿಯಾಗಿ 11 ಸುತ್ತು ಮುಗಿಸುತ್ತದೆ. ಅದೇ 28 ಸುತ್ತಿಗೆ ಹಿಂಚಕ್ರ ತಿರುಗುವುದು ಸುಮಾರು 68 ಸಲ. ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5 ಮೀಟರ್ ಸಾಗುತ್ತದೆ, ಆದ್ದರಿಂದ 140 ಮೀಟರ್ ಏರು ಸಿಕ್ಕರೆ ಸಾಕು. ಚೈನಿನ ಗಡುಸು ಕೊಂಡಿಯಾದರೆ 11 ಸಲ, ಕಡ್ಡಿ ಅಥವಾ ರಿಮ್ಮಿನದಾದರೆ 68 ಸಲ, ಪೆಡಲಿಗೆ ಅಂಟಿಕೊಂಡದ್ದಾದರೆ 28 ಸಲ ಕೇಳಬೇಕು.

ನಾನು ಸುತ್ತು ಎಣಿಸಿದೆ. ಒಂಬತ್ತನೆಯ ತರಗತಿಯ ಮಗಳು ಪಕ್ಕದಲ್ಲಿ ಓಡುತ್ತ ಸದ್ದು ಎಣಿಸಿದಳು. 28 ಸುತ್ತು, 28 ‘ಟಕ್’. ಮತ್ತೊಮ್ಮೆ ಮಾಡಿದೆವು, 28ಕ್ಕೆ 27 ಬಂತು. ಅಷ್ಟು ಸಾಕು. ಚೈನೂ ಅಲ್ಲ, ಹಿಂಚಕ್ರವೂ ಅಲ್ಲ.

ಎದ್ದು ನಿಂತು ತುಳಿದರೆ ಸದ್ದು ಇನ್ನೂ ಜೋರಾಯಿತು. ಹಾಗಾಗಿ ಸೀಟಲ್ಲ. ಬಲಗಾಲು ಮಾತ್ರ ತುಳಿದಾಗ ಸದ್ದಿಲ್ಲ. ಕ್ರ್ಯಾಂಕುಗಳನ್ನು ಅಲುಗಿಸಿ ನೋಡಿದೆ ತಮ್ಮಾ, ಸಡಿಲ ಕಾಣಲಿಲ್ಲ. ಆದರೂ ಪಿನ್ನಿಗೆ ಆಸರೆ ಕೊಟ್ಟು ಮತ್ತೊಮ್ಮೆ ಹೊಡೆಸಿದೆ. ಪೆಡಲ್ ತೆಗೆದು ಗ್ರೀಸ್ ಹಚ್ಚಿದೆ. ಬಾಟಮ್ ಬ್ರ್ಯಾಕೆಟ್ ಬಿಚ್ಚಿಸಿ ಎದುರಿಗೇ ಕೂತು ಗುಂಡುಗಳನ್ನು ಎಣಿಸಿದೆ, 11 ಮತ್ತು 11. ಎಲ್ಲವೂ ನುಣುಪಾಗಿದ್ದವು. ಇಷ್ಟಾದರೂ ಸೋಮವಾರ ಬೆಳಿಗ್ಗೆ ಅದೇ ಏರಿನಲ್ಲಿ ಅದೇ ಸದ್ದು.

ಪೆಡಲ್ ತಿರುಗಿದಾಗೊಮ್ಮೆ ಬರುತ್ತದೆ, ಆದರೆ ಪೆಡಲಿನೊಂದಿಗೆ ತಿರುಗುವ ಯಾವ ಭಾಗದಲ್ಲಿಯೂ ಇಲ್ಲ. ನನ್ನ ತರ್ಕ ಎಲ್ಲಿ ತಪ್ಪಿದೆ?

ಉತ್ತರ: ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ತಂಗಿ, ನಿಮ್ಮ ತರ್ಕ ತಪ್ಪಿಲ್ಲ. ಇನ್ನೊಂದು ಹೆಜ್ಜೆ ಬಾಕಿ ಇದೆ ಅಷ್ಟೇ. ಪೆಡಲ್ ಸುತ್ತಿಗೆ ಒಮ್ಮೆ ಸದ್ದು ಬಂದರೆ ಸದ್ದು ಮಾಡುವ ಭಾಗ ತಿರುಗುತ್ತಿರಲೇಬೇಕು ಎಂದೇನಿಲ್ಲ. ಭಾರ ಸುತ್ತಿಗೆ ಒಮ್ಮೆ ಬೀಳುತ್ತಿದೆ ಎಂದಷ್ಟೇ ಗೊತ್ತಾಯಿತು. ಎಡಗಾಲು ತುಳಿದಾಗ ಫ್ರೇಮು ಒಂದು ಕಡೆಗೆ ತುಸು ತಿರುಚಿಕೊಳ್ಳುತ್ತದೆ. ಲೇಡೀಸ್ ಸೈಕಲ್ಲಿಗೆ ಮೇಲಿನ ಅಡ್ಡಪೈಪ್ ಇಲ್ಲದ್ದರಿಂದ ಈ ತಿರುಚು ಹೆಚ್ಚು. ನೀರು ಬಿದ್ದಾಗ, ಎಣ್ಣೆ ಇಳಿದಾಗ ಸದ್ದು ನಿಂತು ಆಮೇಲೆ ಮರಳಿತು ಎಂದಿರಲ್ಲ, ಅದನ್ನು ಓದಿದಾಗಲೇ ನನಗೆ ಗಾಬರಿಯಾಯಿತು. ದ್ರವ ಇಳಿಯುವಷ್ಟು ಸಣ್ಣ ಸಂದು ಎಲ್ಲಿಯೋ ಇದೆ. ಬಿರುಕು ಇರಬಹುದು. ಅದು ಖಚಿತವಾಗುವವರೆಗೆ ದಯವಿಟ್ಟು ಆ ಸೈಕಲ್ ಹತ್ತಬೇಡಿ, ಇಳಿಜಾರಿನಲ್ಲಂತೂ ಬೇಡವೇ ಬೇಡ.

ನಾನು ರೈಲ್ವೆ ಕಾರ್ಯಾಗಾರದಲ್ಲಿ ದುಡಿದವನು. ಗಾಲಿಗೆ ಸುತ್ತಿಗೆಯಿಂದ ತಟ್ಟಿ ನಾದ ಕೇಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ. ಆದರೆ ಸೈಕಲ್ ಫ್ರೇಮಿಗೆ ಇದನ್ನು ನಂಬಲಾಗದು. ಅದಕ್ಕಿಂತ ಒಳ್ಳೆಯ ಇನ್ನೊಂದು ವಿಧಾನವಿತ್ತು, ಎಣ್ಣೆ ಮತ್ತು ಸೀಮೆಸುಣ್ಣ. ಅಲ್ಟ್ರಾಸಾನಿಕ್ ಯಂತ್ರಗಳು ಬರುವ ಮೊದಲು ರೈಲ್ವೆಯಲ್ಲಿ ಬಿರುಕು ಹುಡುಕುತ್ತಿದ್ದದ್ದು ಹೀಗೆಯೇ. ನಿಮ್ಮ ಕೈಯಲ್ಲಿ ದಿನಾ ಸೀಮೆಸುಣ್ಣ ಇರುತ್ತದೆ, ಆದ್ದರಿಂದ ಹೇಳುತ್ತೇನೆ.

ಮೊದಲು ಜಾಗ ಗೊತ್ತುಮಾಡಿ. ಸೈಕಲ್ ನೆಲದ ಮೇಲೆ ನಿಲ್ಲಲಿ, ಸ್ಟ್ಯಾಂಡ್ ಹಾಕಬೇಡಿ. ಎರಡೂ ಬ್ರೇಕ್ ಬಿಗಿಯಾಗಿ ಹಿಡಿದು, ಎಡ ಪೆಡಲ್ಲನ್ನು ಮುಂದಕ್ಕೆ ಅಡ್ಡವಾಗಿ ತಂದು ಮೈಭಾರ ಹಾಕಿ ಒತ್ತಿ, ಬಿಡಿ, ಒತ್ತಿ, ಬಿಡಿ. ಮಗಳು ಒಂದೊಂದು ಬೆಸುಗೆಯ ಮೇಲೂ ಎರಡು ಬೆರಳು ಇಟ್ಟು ಕಾಯಲಿ. ಕಿವಿ ತಪ್ಪು ಹೇಳಬಹುದು, ಬೆರಳಿನ ತುದಿ ಹೇಳುವುದಿಲ್ಲ.

ಆಮೇಲೆ ಆ ಜಾಗದ ಕೊಳೆಯನ್ನೆಲ್ಲ ಸೀಮೆಎಣ್ಣೆಯಿಂದ ತೊಳೆದು, ಮತ್ತೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ನೆನೆಯಲು ಬಿಡಿ. ಬಟ್ಟೆಯಿಂದ ಪೂರ್ತಿ ಒಣಗುವಂತೆ ಒರೆಸಿ. ಸೀಮೆಸುಣ್ಣವನ್ನು ನುಣ್ಣಗೆ ಅರೆದು ಸ್ಪಿರಿಟ್ಟಿನಲ್ಲಿ ಕಲಸಿ ತೆಳ್ಳಗೆ ಬಳಿಯಿರಿ. ಸ್ಪಿರಿಟ್ ಆರಿ ಬೆಳ್ಳಗಾಗುತ್ತದೆ. ಈಗ ಮತ್ತೆ ಪೆಡಲ್ ಒತ್ತಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಬೆಂಕಿಯಿಂದ ದೂರ, ಅಂಗಳದಲ್ಲಿ ಮಾಡಿ.

ಸಾಧನಕೇರಿಯ ಶಿಕ್ಷಕಿ

ಅಣ್ಣ, ನೀವು ಹೇಳಿದಂತೆ ಆರು ದಿನ ಬಸ್ಸಿನಲ್ಲಿ ಓಡಾಡಿದೆ. ಭಾನುವಾರ ಪರೀಕ್ಷೆ ಮಾಡಿದೆವು.

ಮಗಳು ಮೊದಲು ಹ್ಯಾಂಡಲಿನ ಬುಡದಲ್ಲಿ ಬೆರಳಿಟ್ಟಳು, ಏನೂ ಇಲ್ಲ. ಸೀಟಿನ ಕೆಳಗಿನ ಬೆಸುಗೆಯಲ್ಲಿ ಸಣ್ಣ ನಡುಕ. ಹಿಂಚಕ್ರದ ನಟ್ಟುಗಳಲ್ಲಿಯೂ ಅಷ್ಟೇ. ಬಾಟಮ್ ಬ್ರ್ಯಾಕೆಟ್ಟಿನಿಂದ ಹಿಂಚಕ್ರದ ಕಡೆಗೆ ಹೋಗುವ ಎಡಗಡೆಯ ಪೈಪಿನ ಬುಡಕ್ಕೆ ಕೈ ಬಂದಾಗ ಅವಳು ಬೆರಳನ್ನು ಥಟ್ಟನೆ ಹಿಂತೆಗೆದಳು. “ಅಮ್ಮ, ಇಲ್ಲಿ ಚುಚ್ಚಿತು” ಎಂದಳು. ನಾನು ಬೆರಳಿಟ್ಟೆ, ಅವಳು ಒತ್ತಿದಳು. ‘ಟಕ್’ ಎಂದಾಗ ಚರ್ಮದ ಕೆಳಗೆ ನಾಡಿ ಹಾರಿದಂತೆ ಸ್ಪಷ್ಟವಾಗಿ ತಿಳಿಯಿತು.

ಅಲ್ಲಿ ಬೆರಳು ದಪ್ಪಕ್ಕೆ ಎಣ್ಣೆ, ಕೆಮ್ಮಣ್ಣು ಕಟ್ಟಿಕೊಂಡಿತ್ತು. ಮೂರು ಅಂಗಡಿಗಳಲ್ಲಿ ಯಾರೂ ಅದನ್ನು ಕೆರೆದು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ತೊಳೆದಾಗಲೂ ಕಣ್ಣಿಗೆ ಏನೂ ಕಾಣಲಿಲ್ಲ, ಬಣ್ಣ ಹಾಗೆಯೇ ಇತ್ತು. ಸುಣ್ಣ ಬಳಿದು ಒಣಗಿಸಿ ಏಳೆಂಟು ಸಲ ಒತ್ತಿದೆವು. ಬಿಳಿಯ ಮೇಲೆ ಕೂದಲಿನಷ್ಟು ತೆಳುವಾದ ಒಂದು ಬೂದು ಗೆರೆ ಮೂಡಿತು. ನೋಡುತ್ತಿದ್ದಂತೆಯೇ ಅಗಲವಾಯಿತು. ಪೈಪಿನ ಕೆಳಭಾಗದಲ್ಲಿ, ಸ್ಕೇಲ್ ಇಟ್ಟು ಅಳೆದರೆ 3 ಸೆಂಟಿಮೀಟರ್. ಇಪ್ಪತ್ತಾರು ವರ್ಷ ಕಪ್ಪುಹಲಗೆಯ ಮೇಲೆ ಗೆರೆ ಎಳೆದಿದ್ದೇನೆ, ಯಾವ ಗೆರೆಯೂ ನನ್ನನ್ನು ಹೀಗೆ ನಡುಗಿಸಿರಲಿಲ್ಲ. ಮಗಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಸೈಕಲ್ ಅದು.

ಊರಿನಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಕರೆಂಟ್ ವೆಲ್ಡಿಂಗ್ ಬೇಡ, ಪೈಪ್ ತೆಳು, ಸುಟ್ಟು ತೂತಾಗುತ್ತದೆ ಎಂದು ಅವರೇ ಹೇಳಿದರು. ಆಕ್ಸಲ್, ಕಪ್, ಗುಂಡು ಎಲ್ಲವನ್ನೂ ಹೊರಗೆ ತೆಗೆದು, ಬಣ್ಣ ಉಜ್ಜಿ, ಬಿಳಿಗಾರ ಉದುರಿಸಿ, ಹಿತ್ತಾಳೆ ಕಡ್ಡಿಯಿಂದ ಬೆಸೆದರು. ಹಿತ್ತಾಳೆ ಕರಗಿ ಕೆಂಪಾದ ಕಬ್ಬಿಣದ ಸಂದಿಗೆ ತಾನಾಗಿಯೇ ಇಳಿಯುವುದನ್ನು ನಾವಿಬ್ಬರೂ ನಿಂತು ನೋಡಿದೆವು.

ನಿನ್ನೆ ಬೆಳಿಗ್ಗೆ ಏರು ಹತ್ತಿದೆ. 28 ಸುತ್ತು ಎಣಿಸಿದೆ, ಚೈನಿನ ಸಣ್ಣ ಸರಸರ ಬಿಟ್ಟು ಬೇರೇನೂ ಕೇಳಲಿಲ್ಲ. ಉತ್ತರಪತ್ರಿಕೆಗಳನ್ನು ಇನ್ನು ಮುಂದೆ ಒಂದೊಂದೇ ಕಟ್ಟು ಒಯ್ಯುತ್ತೇನೆ. ಬೆಸೆದ ಜಾಗಕ್ಕೆ ಕಪ್ಪು ಬಣ್ಣ ಹೊಡೆಸಲೇ?

ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ಬೇಡ ತಂಗಿ. ತುಕ್ಕು ಹಿಡಿಯದಂತೆ ಬಣ್ಣವಿಲ್ಲದ ವಾರ್ನಿಷ್ ಮಾತ್ರ ಹಚ್ಚಿ. ಬೆಸುಗೆ ಕಣ್ಣಿಗೆ ಕಾಣುತ್ತಿರಬೇಕು. ತಿಂಗಳಿಗೊಮ್ಮೆ ಒರೆಸಿ, ಬೆಸುಗೆಯ ಅಂಚಿನಲ್ಲಿ ತುಕ್ಕಿನ ಗೆರೆ ಇದೆಯೇ ನೋಡಿ. ಬಲಗಡೆಯ ಪೈಪಿನ ಬುಡಕ್ಕೂ ಒಮ್ಮೆ ಸುಣ್ಣ ಬಳಿದು ಪರೀಕ್ಷಿಸಿ. ಅದೂ ಅಷ್ಟೇ ವರ್ಷ ದುಡಿದಿದೆ.