7 ತಿಂಗಳ ಕೂಸಿಗೆ ಒಂದ್ ಕಡೆ ಬೀಜ ಇಳಿದಿಲ್ಲ, ಆಪರೇಷನ್ ಈಗ್ಲೇ ಬೇಕೇನ್ರಿ?

ರಾಣೆಬೆನ್ನೂರಿನ ತಾಯಿ:
ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮಗಗ ಈಗ 7 ತಿಂಗಳು, ದಿನ ತುಂಬಿನ ಹುಟ್ಟ್ಯಾನ, ತೂಕ ಎಲ್ಲಾ ಚಲೋ ಐತಿ, ಆದ್ರ ಹುಟ್ಟಿದಾಗಿಂದ ಬಲಗಡೆ ಬೀಜ ಚೀಲದಾಗ ಇಲ್ಲ, ತೊಡಿಸಂದ್ಯಾಗ ಸಣ್ಣ ಗಂಟಿನಂಗ ಕೈಗೆ ಹತ್ತತೈತಿ. ಡಾಕ್ಟ್ರು ಇನ್ನ ಕಾಯಬ್ಯಾಡ್ರಿ, ಹುಬ್ಬಳ್ಳಿಗೆ ಹೋಗಿ ಮಕ್ಕಳ ಸರ್ಜನ್‌ಗೆ ತೋರಸ್ರಿ ಅಂದ್ರು. ನಮ್ಮತ್ತಿ ಒಪ್ಪವಲ್ರು, ದೊಡ್ಡಾಂವ ಆದಂಗ ತಾನ ಇಳೀತೈತಿ ಅಂತಾರ, ಕೂಸಿಗೆ ಎರಿಯಾಕ ಬರೋ ಅಜ್ಜಿ ಎಣ್ಣಿ ಹಚ್ಚಿ ದಿನಾ ಒತ್ತಿ ಇಳಸ್ತೀನಿ ಅಂತಾಳ. ಇಷ್ಟ್ ಸಣ್ಣ ಕೂಸಿಗೆ ಮತ್ತು ಬರಸೋದಂದ್ರ ನನಗ ಕೈಕಾಲು ನಡಗ್ತಾವ. ಒಂದೆರಡು ವರ್ಷ ಬಿಟ್ಟು ಮಾಡಿಸಿದ್ರ ನಡೀತೈತೇನ್ರಿ?

ಮಕ್ಕಳ ವಾರ್ಡಿನ ಸಿಸ್ಟರ್, ಹುಬ್ಬಳ್ಳಿ:
ತಂಗೀ, ಮೊದಲ ಆ ಅಜ್ಜಿಗೆ ಅಲ್ಲಿ ಒತ್ತಬ್ಯಾಡ ಅಂತ ಹೇಳವಾ, ಒತ್ತಿದ್ರ ಇಳಿಯಂಗಿಲ್ಲ, ಕೂಸಿಗೆ ನೋವಷ್ಟ. ವೃಷಣ ಬೆಳಿಯೋದು ಕೂಸಿನ ಹೊಟ್ಟ್ಯಾಗ, ಕಿಡ್ನಿ ಹತ್ರ, ಬಸರಿನ ಕಡೀ ತಿಂಗಳಗೋಳಾಗ ಚೀಲಕ್ಕ ಇಳೀತಾವ, ಕೆಲವರಿಗೆ ದಾರ್ಯಾಗ ನಿಂತ್ ಬಿಡ್ತಾವ. ದಿನ ತುಂಬಿ ಹುಟ್ಟಿದ 100 ಗಂಡುಕೂಸಿನಾಗ ಸುಮಾರು 3 ಕೂಸಿಗೆ ಹಿಂಗಿರ್ತೈತಿ, ದಿನ ತುಂಬದ ಹುಟ್ಟಿದವ್ರಿಗೆ ಇನ್ನೂ ಜಾಸ್ತಿ, ಅದಕ್ಕ ಬಸರಾಗ ನೀ ಏನೋ ತಿಂದಿದ್ದಕ್ಕ ಹಿಂಗಾತು ಅಂತ ಯಾರರ ಅಂದ್ರ ಕಿವ್ಯಾಗ ಹಾಕ್ಕೋಬ್ಯಾಡ.

ನಿಮ್ಮತ್ತಿ ಹೇಳೋದು ಪೂರ್ತಿ ಸುಳ್ಳಲ್ಲ, ತಾನ ಇಳೀತಾವ, ಆದ್ರ ಅದು ಹುಟ್ಟಿದ ಮೊದಲ ತಿಂಗಳಗೋಳಾಗ, ಆಗ ಕೂಸಿನ ಮೈಯಾಗ ಹಾರ್ಮೋನ್ ಏರಿರ್ತೈತಿ. 6 ತಿಂಗಳು ದಾಟಿದ್ರ ಭಾಳ ಅಪರೂಪ. ಹೊಟ್ಟಿ ಶಾಖ ಚೀಲಕ್ಕಿಂತ 2-3 ಡಿಗ್ರಿ ಹೆಚ್ಚು, ಆ ಶಾಖದಾಗ ಮುಂದ ವೀರ್ಯಾಣು ಆಗಬೇಕಾದ ಕಣಗಳು ಸಣ್ಣ ವಯಸ್ಸಿನಾಗನ ಕಡಿಮಿ ಆಗ್ತಾ ಹೋಗ್ತಾವ. ಅದಕ್ಕ 6 ರಿಂದ 12 ತಿಂಗಳಾಗ, ಭಾಳಂದ್ರ 18 ತಿಂಗಳೊಳಗ ಮಾಡಸ್ರಿ ಅನ್ನೋದು. ಮುಂದ ಕ್ಯಾನ್ಸರ್ ಆಗೋ ರಿಸ್ಕೂ ಹರೇದಕ್ಕ ಬರೋ ಮೊದಲ ಮಾಡಿಸಿದ್ರ ಕಡಿಮಿ ಆಗ್ತೈತಿ, ಪೂರ್ತಿ ಹೋಗಂಗಿಲ್ಲ, ಆದ್ರ ಕೆಳಗಿದ್ರ ದೊಡ್ಡಾಂವ ಆದ ಮ್ಯಾಲೆ ಗಂಟು ಬಂದ್ರ ಅವನ ಕೈಗೇ ಗೊತ್ತಾಗ್ತೈತಿ. ಎರಡು ವರ್ಷ ಅಂತೂ ಬಿಡಬ್ಯಾಡ.

ಧಾರವಾಡದ ಅಪ್ಪ:
ಅಕ್ಕಾರ, ನಮ್ಮ ಹುಡುಗಗ 11 ತಿಂಗಳಿದ್ದಾಗ ಮಾಡ್ಸೀವ್ರಿ. ತೊಡಿಸಂದ್ಯಾಗ ಸಣ್ಣದು ಕೊಯ್ದು ಬೀಜ ಬಿಡಿಸಿ ಚೀಲದಾಗ ತಂದು ಹೊಲಿಗಿ ಹಾಕಿ ನಿಲ್ಲಸ್ತಾರ, ಸಂಜೀಕ ಮನಿಗೆ ಬಂದ್ವಿ, ಹೊಲಿಗಿ ತಾವ ಕರಗ್ತಾವ. ಮತ್ತು ಬರಸೋ ಡಾಕ್ಟ್ರು ಸಣ್ಣ ಕೂಸುಗಳಿಗೆ ಕೊಟ್ಟು ರೂಢಿ ಇದ್ದವ್ರೇನು ಅಂತ ನೀವ ಬಾಯಿಬಿಟ್ಟು ಕೇಳ್ರಿ, ನಾನೂ ಕೇಳ್ದೆ, ಆಮ್ಯಾಲ ಧೈರ್ಯ ಬಂತು. ಗಾಯ ಮಾಯೋತನಕ ಟೊಂಕದ ಮ್ಯಾಲೆ ಕಾಲು ಅಗಲಿಸಿ ಎತ್ಕೋಬ್ಯಾಡ್ರಿ, ಆಟಿಗಿ ಕುದುರಿ ಮ್ಯಾಲೂ ಕೂಡಸಬ್ಯಾಡ್ರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಕೌಂಟರಿನಾಗ ಮೊದಲ ವಿಚಾರಿಸ್ರಿ.

ರಾಣೆಬೆನ್ನೂರಿನ ತಾಯಿ:
ಭಾಳ ಉಪಕಾರ ಆತ್ರಿ, ಇದನ್ನ ನಮ್ಮತ್ತಿಗೆ ಓದಿ ಹೇಳ್ತೀನಿ. ಸ್ಕ್ಯಾನಿಂಗ್ ಮಾಡಿಸ್ಕೊಂಡ್ ಹೋಗಬೇಕೇನ್ರಿ? ಇಂಜೆಕ್ಷನ್ ಕೊಟ್ಟು ಇಳಸ್ತಾರಂತ, ಖರೇನ?

ಸಿಸ್ಟರ್, ಹುಬ್ಬಳ್ಳಿ:
ಕೈಗೆ ಹತ್ತತೈತಲ್ಲ, ಸ್ಕ್ಯಾನ್ ಬೇಕಾಗಂಗಿಲ್ಲ. ಕೈಗೆ ಹತ್ತದಿದ್ರೂ ಸ್ಕ್ಯಾನ್ ನಂಬೋಹಂಗಿಲ್ಲ, ಹೊಕ್ಕಳ ಹತ್ರ ಸಣ್ಣ ಕ್ಯಾಮೆರಾ ಹಾಕಿ ನೋಡ್ತಾರ. ಹಾರ್ಮೋನ್ ಇಂಜೆಕ್ಷನ್ ಈಗ ಬ್ಯಾಡ ಅಂತಾರ, ಅದರಿಂದ ಇಳಿಯೋದು ಕಡಿಮಿ. ಇದರ ನಡುವ ತೊಡಿಸಂದಿ ಒಮ್ಮೆಲೇ ಕೆಂಪಾಗಿ ಬಾತು, ಕೂಸು ವಾಂತಿ ಮಾಡ್ಕೊಂಡು ಅಳೋದ ನಿಲ್ಲಿಸ್ಲಿಲ್ಲಂದ್ರ ರಾತ್ರಿ ಇದ್ರೂ ಆಸ್ಪತ್ರಿಗೆ ಹೋಗು, ಬೀಜ ತಿರುಚಿಕೊಂಡಿರಬಹುದು, ಇಲ್ಲಾ ಹರ್ನಿಯಾ, ಅಂದ್ರ ತೊಡಿಸಂದಿಗೆ ಇಳಿದ ಕರುಳು, ಸಿಕ್ಕೊಂಡಿರಬಹುದು.

ಗದಗಿನವ:
ನಮ್ಮ ಹುಡುಗಗ 4 ವರ್ಷ, ಬಿಸಿನೀರು ಜಳಕಕ್ಕ ಎರಡೂ ಕೆಳಗ ಇರ್ತಾವ, ಚಳಿಗೆ ಒಂದು ಮ್ಯಾಲೆ ಹೋಗ್ತೈತಿ, ಇದೂ ಅದೇನ್ರಿ ಸಿಸ್ಟರ್?

ಸಿಸ್ಟರ್, ಹುಬ್ಬಳ್ಳಿ:
ಅದು ಬ್ಯಾರೆ ಅಣ್ಣಾರ, ಅಲ್ಲಿ ಸ್ನಾಯು ಎಳಿಯೋದಕ್ಕ ಹಂಗಾಗ್ತೈತಿ, ಆಪರೇಷನ್ ಬೇಕಿಲ್ಲ. ಆದ್ರ ಕೆಲವರಿಗೆ ಮುಂದ ಮ್ಯಾಲೇ ಉಳೀತಾವ, ಅದಕ್ಕ ಹರೇದಕ್ಕ ಬರೋತನಕ ವರ್ಷಕ್ಕೊಮ್ಮೆ ಡಾಕ್ಟ್ರಿಗೆ ತೋರಸ್ರಿ.